‘ಕ’ ಈಗ ಎಲ್ಲಿದೆ?

ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರು ‘ಕೆ’ ಕೀಲಿಯನ್ನು ಒತ್ತುತ್ತಾರೆ, ತೆರೆಯ ಮೇಲೆ ‘ಕ’ ಮೂಡುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲೂ ಹೀಗೆಯೇ, ಭಾರತೀಯ ಭಾಷೆಗಳಿಗೆಲ್ಲ ಹೊಂದುವಂತೆ ಮಾಡಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲೂ ಹೀಗೆಯೇ. ಒತ್ತಿದ್ದಕ್ಕೂ ಮೂಡಿದ್ದಕ್ಕೂ ನಡುವೆ ಹೊತ್ತು ಕಳೆದದ್ದು ನಮ್ಮ ಅರಿವಿಗೆ ಬರುವುದೇ ಇಲ್ಲ. ಆದರೆ ಅಷ್ಟರಲ್ಲೇ ಆ ಅಕ್ಷರ ಯಂತ್ರದ ಹಲವು ಭಾಗಗಳನ್ನು ಹಾದು ಬಂದಿರುತ್ತದೆ. ಪ್ರೊಸೆಸರ್, ರ‍್ಯಾಮ್, ಕ್ಯಾಶ್, ಹಾರ್ಡ್‌ಡಿಸ್ಕ್, ಎಸ್‌ಎಸ್‌ಡಿ ಎಂಬ ಹೆಸರುಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವುದಕ್ಕಿಂತ ಈ ಒಂದು ಅಕ್ಷರದ ಬೆನ್ನು ಹತ್ತಿ ಹೋಗುವುದು ಒಳ್ಳೆಯದು. ದಾರಿಯುದ್ದಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೆ: ಅಕ್ಷರ ಈಗ ಎಲ್ಲಿದೆ? ಈ ಗಳಿಗೆಯಲ್ಲಿ ಕರೆಂಟು ಹೋದರೆ ಅದು ಉಳಿದೀತೇ?

ಕೀಬೋರ್ಡಿನಿಂದ ಶುರು ಮಾಡೋಣ. ಅಗ್ಗದ ಕೀಬೋರ್ಡೊಂದರ ತಳದ ಸ್ಕ್ರೂಗಳನ್ನು ಬಿಚ್ಚಿ ತೆರೆದರೆ ಒಂದರ ಮೇಲೊಂದು ಕೂತ ಮೂರು ತೆಳ್ಳನೆಯ ಪ್ಲಾಸ್ಟಿಕ್ ಹಾಳೆಗಳು ಕಾಣುತ್ತವೆ. ಮೇಲಿನ ಹಾಳೆಯಲ್ಲೂ ಕೆಳಗಿನ ಹಾಳೆಯಲ್ಲೂ ವಿದ್ಯುತ್ ಹರಿಯುವ ಗೆರೆಗಳನ್ನು ಮುದ್ರಿಸಿರುತ್ತಾರೆ. ನಡುವಿನ ಹಾಳೆ ಎರಡನ್ನೂ ದೂರ ಇಟ್ಟಿರುತ್ತದೆ. ಕೀಲಿ ಇರುವ ಕಡೆಯಲ್ಲೆಲ್ಲ ಅದಕ್ಕೆ ತೂತು. ಕೀಲಿ ಒತ್ತಿದಾಗ ಆ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನ ಗೆರೆಗೆ ತಾಗುತ್ತದೆ. ನೂರಕ್ಕೂ ಹೆಚ್ಚು ಕೀಲಿಗಳಿಗೆ ಒಂದೊಂದು ತಂತಿ ಎಳೆಯುವ ಗೋಜಿಲ್ಲ: ಅಡ್ಡ ಗೆರೆಗಳು ಒಂದಷ್ಟು, ಉದ್ದ ಗೆರೆಗಳು ಒಂದಷ್ಟು. ಯಾವ ಅಡ್ಡ ಗೆರೆ ಯಾವ ಉದ್ದ ಗೆರೆಗೆ ತಾಗಿತು ಎಂಬುದನ್ನು ಕೀಬೋರ್ಡಿನೊಳಗಿನ ಚಿಕ್ಕ ಚಿಪ್ಪೊಂದು ಎಡೆಬಿಡದೆ ನೋಡುತ್ತಿರುತ್ತದೆ. ಬೆರಳು ಒಮ್ಮೆ ಒತ್ತಿದರೂ ಗೆರೆಗಳು ತಾಗುವ ಕ್ಷಣದಲ್ಲಿ ಹಲವು ಬಾರಿ ಅದುರಿ ಬಿಟ್ಟುಬಿಟ್ಟು ತಾಗುತ್ತವೆ. ಅದಕ್ಕೇ ಚಿಪ್ಪು ಕೆಲವು ಮಿಲಿಸೆಕೆಂಡು ಕಾದು, ಅದುರಾಟ ನಿಂತ ಮೇಲೆಯೇ ಒಂದು ಒತ್ತು ಎಂದು ಲೆಕ್ಕ ಹಿಡಿಯುತ್ತದೆ. ಹಾಗೆ ಮಾಡದಿದ್ದರೆ ಒಂದು ‘ಕ’ ಒತ್ತಿದವರಿಗೆ ನಾಲ್ಕು ‘ಕ’ ಸಿಗುತ್ತಿತ್ತು.

ಈ ಚಿಪ್ಪಿಗೆ ಕನ್ನಡವೂ ತಿಳಿಯದು, ಇಂಗ್ಲಿಷೂ ತಿಳಿಯದು. ಯುಎಸ್‌ಬಿ ಕೀಬೋರ್ಡಿನಲ್ಲಿ ‘ಕೆ’ ಕೀಲಿಯನ್ನು ಒತ್ತಿದರೆ ಹೊರಡುವುದು 14 ಎಂಬ ಸಂಖ್ಯೆ ಮಾತ್ರ. ಆ ಕೀಲಿಯ ನೆತ್ತಿಯ ಮೇಲೆ ಯಾವ ಅಕ್ಷರ ಅಚ್ಚಾಗಿದೆ ಎಂಬುದಕ್ಕೆ ಬೆಲೆಯೇ ಇಲ್ಲ. 14 ಬಂದರೆ ಅದನ್ನು ‘ಕ’ ಎಂದು ತಿಳಿಯಬೇಕು ಎಂದು ತೀರ್ಮಾನಿಸುವುದು ಕಂಪ್ಯೂಟರಿನಲ್ಲಿ ನಾವು ಆರಿಸಿಕೊಂಡ ಕೀಲಿಮಣೆ ತಂತ್ರಾಂಶ. ಕನ್ನಡ ಬರೆಯಲು ಕನ್ನಡ ಅಕ್ಷರ ಅಚ್ಚಾದ ಕೀಬೋರ್ಡೇ ಬೇಕು ಎಂದು ಹುಡುಕಿಕೊಂಡು ಅಲೆಯುವವರು ಈಗಲೂ ಇದ್ದಾರೆ. ಬೇಕಿಲ್ಲ. ಮನೆಯಲ್ಲಿರುವ ಯಾವುದೇ ಕೀಬೋರ್ಡಿನಲ್ಲಿ ಕನ್ನಡ ಬರೆಯಬಹುದು.

ಕೀಲಿಮಣೆ ತಂತ್ರಾಂಶ 14ನ್ನು ಇನ್ನೊಂದು ಸಂಖ್ಯೆಗೆ ಬದಲಿಸುತ್ತದೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಗೊತ್ತು ಮಾಡಿರುವ ವ್ಯವಸ್ಥೆಗೆ ಯುನಿಕೋಡ್ ಎಂದು ಹೆಸರು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅಲ್ಲಿ ‘ಕ’ದ ಸಂಖ್ಯೆ 3221. ಯಂತ್ರದೊಳಗೆ ಹತ್ತು ಅಂಕಿಗಳಿಲ್ಲ. ವಿದ್ಯುತ್ ಇದೆ ಅಥವಾ ಇಲ್ಲ ಎಂಬ ಎರಡೇ ಸ್ಥಿತಿಗಳನ್ನು 1 ಮತ್ತು 0 ಎಂದು ಬರೆದುಕೊಳ್ಳುತ್ತೇವೆ. ಅಂಥ ಒಂದು 1 ಅಥವಾ ಒಂದು 0 ಎಂದರೆ ಒಂದು ಬಿಟ್. ಎಂಟು ಬಿಟ್‌ ಸೇರಿದರೆ ಒಂದು ಬೈಟ್. ಕಡತಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ‘ಕ’ ಹೀಗಿರುತ್ತದೆ:

11100000 10110010 10010101

ಮೂರು ಬೈಟ್‌. ಮೊದಲ ಬೈಟಿನ ಆರಂಭದ 1110 ಹೇಳುವುದು ಏನೆಂದರೆ, ‘ಈ ಅಕ್ಷರಕ್ಕೆ ಮೂರು ಬೈಟ್, ನನ್ನ ಹಿಂದೆ ಇನ್ನೆರಡು ಬರುತ್ತಿವೆ’ ಎಂದು. ಉಳಿದೆರಡು ಬೈಟ್‌ಗಳ ಮೊದಲಿಗಿರುವ 10 ‘ನಾನು ಮುಂದುವರಿದ ಭಾಗ’ ಎಂಬುದರ ಗುರುತು. ಈ ಗುರುತುಗಳನ್ನು ತೆಗೆದು ಉಳಿದ 16 ಬಿಟ್‌ಗಳನ್ನು ಜೋಡಿಸಿದರೆ 0000110010010101. ಅದನ್ನು ನಮ್ಮ ಹತ್ತರ ಲೆಕ್ಕಕ್ಕೆ ತಿರುಗಿಸಿದರೆ 2048, 1024, 128, 16, 4, 1 ಕೂಡಿ 3221. ಕಾಗದ ಪೆನ್ನು ಹಿಡಿದು ಒಮ್ಮೆ ಕೂಡಿ ನೋಡಿ. ಕಂಪ್ಯೂಟರಿನೊಳಗಿನ ಗುಟ್ಟನ್ನು ಇಷ್ಟು ಸುಲಭವಾಗಿ ಕೈಯಾರೆ ತಾಳೆ ನೋಡುವ ಅವಕಾಶ ಹೆಚ್ಚು ಸಿಗುವುದಿಲ್ಲ.

‘ಕರ್ನಾಟಕ’ ಎಂದು ಬರೆದರೆ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಯಂತ್ರದ ಲೆಕ್ಕದಲ್ಲಿ ಏಳು: ಕ, ರ, ವಿರಾಮ ಚಿಹ್ನೆ (‘ರ’ವನ್ನು ‘ರ್’ ಮಾಡುವ ಗುರುತು), ನ, ಆಕಾರದ ದೀರ್ಘ, ಟ, ಕ. ಅಂದರೆ 21 ಬೈಟ್‌. ತೆರೆಯ ಮೇಲೆ ಅರ್ಕಾವತ್ತು ‘ನಾ’ದ ಬಲಕ್ಕೆ ಕೂರುತ್ತದೆ, ಒಳಗೆ ಮಾತ್ರ ‘ರ’ ಬಾಯಲ್ಲಿ ಹೇಳುವ ಕ್ರಮದಲ್ಲೇ, ‘ನ’ಕ್ಕಿಂತ ಮೊದಲು ಇರುತ್ತದೆ. ಅದನ್ನು ಬಲಕ್ಕೆ ಒಯ್ದು ಕೂರಿಸುವ ಕೆಲಸ ಫಾಂಟಿನದು ಮತ್ತು ಅಕ್ಷರ ಜೋಡಿಸುವ ತಂತ್ರಾಂಶದ್ದು. ‘ರ್ನಾ’ ಅಳಿಸಲು ಬ್ಯಾಕ್‌ಸ್ಪೇಸನ್ನು ನಾಲ್ಕು ಬಾರಿ ಒತ್ತಬೇಕಾಗುವುದು, ಮೊದಲ ಒತ್ತಿಗೆ ದೀರ್ಘ ಮಾತ್ರ ಹೋಗಿ ‘ರ್ನ’ ಉಳಿಯುವುದು ಇದೇ ಕಾರಣಕ್ಕೆ. ಮೊಬೈಲಿನ ಎಸ್‌ಎಂಎಸ್‌ನಲ್ಲೂ ಈ ಲೆಕ್ಕ ಬಂದು ನಿಲ್ಲುತ್ತದೆ. ಒಂದು ಸಂದೇಶಕ್ಕೆ 140 ಬೈಟ್‌ ಜಾಗ. ಅಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್ ಸಾಕು, ಹೀಗಾಗಿ 160 ಅಕ್ಷರ ಹಿಡಿಸುತ್ತದೆ. ಕನ್ನಡಕ್ಕೆ ಬಳಸುವ ಪದ್ಧತಿ 16 ಬಿಟ್‌ನದು, ಆದ್ದರಿಂದ 70. ದೀರ್ಘ, ವಿರಾಮ ಚಿಹ್ನೆಗಳೂ ಈ 70ರಲ್ಲೇ ಸೇರಿದವು.

ಈಗ ಅಕ್ಷರ ಸಂಖ್ಯೆಯಾಯಿತು. ಈ ಬದಲಾವಣೆಯನ್ನೆಲ್ಲ ಮಾಡಿದವರು ಯಾರು? ತಂತ್ರಾಂಶ ಎಂದೆ, ತಂತ್ರಾಂಶ ಎಂದರೆ ಆದೇಶಗಳ ಸಾಲು. ಆ ಆದೇಶಗಳನ್ನು ಒಂದೊಂದಾಗಿ ತರಿಸಿಕೊಂಡು ನಡೆಸುವುದು ಪ್ರೊಸೆಸರ್, ಅಂದರೆ ಸಿಪಿಯು. ಅಂಗಡಿಗಳಲ್ಲಿ ಇಡೀ ಪೆಟ್ಟಿಗೆಯನ್ನೇ ಸಿಪಿಯು ಎಂದು ಕರೆಯುವುದುಂಟು. ಪೆಟ್ಟಿಗೆ ತೆರೆದರೆ ಒಳಗೆ ಕಾಣುವ ದೊಡ್ಡ ಹಲಗೆ ಮದರ್‌ಬೋರ್ಡ್. ಎಲ್ಲ ಭಾಗಗಳೂ ಬಂದು ಸೇರುವುದು ಅದಕ್ಕೆ. ಅದರ ಮೇಲೆ ಫ್ಯಾನಿನ ಕೆಳಗೆ ಅಡಗಿರುವ ಸುಮಾರು 4 ಸೆಂಟಿಮೀಟರ್ ಅಗಲದ ಚಿಪ್ಪೇ ನಿಜವಾದ ಸಿಪಿಯು. ಕೂಡು, ಹೋಲಿಸು, ಅಲ್ಲಿಂದ ತೆಗೆದು ಇಲ್ಲಿಡು ಎಂಬಂಥ ತೀರಾ ಸಣ್ಣ ಕೆಲಸಗಳಷ್ಟೇ ಅದಕ್ಕೆ ಬರುತ್ತವೆ. ಆದರೆ ಅದರ ವೇಗ ನಮ್ಮ ಊಹೆಗೆ ನಿಲುಕುವಂಥದ್ದಲ್ಲ. 3 ಗಿಗಾಹರ್ಟ್ಸ್ ಎಂದು ಬರೆದಿದ್ದರೆ ಅದರ ಗಡಿಯಾರ ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುತ್ತದೆ ಎಂದರ್ಥ. ಒಂದು ಮಿಡಿತದ ಅವಧಿಯಲ್ಲಿ ಬೆಳಕು ಕೂಡ ಸುಮಾರು 10 ಸೆಂಟಿಮೀಟರ್ ದೂರ ಮಾತ್ರ ಸಾಗುತ್ತದೆ.

ಈ ವೇಗವೇ ಕಂಪ್ಯೂಟರಿನ ದೊಡ್ಡ ತೊಡಕೂ ಹೌದು. ಪ್ರೊಸೆಸರ್ ತಾನು ನಡೆಸಬೇಕಾದ ಆದೇಶಗಳನ್ನಾಗಲಿ ನಾವು ಬರೆದ ‘ಕ’ವನ್ನಾಗಲಿ ತನ್ನೊಳಗೆ ಹೆಚ್ಚು ಇಟ್ಟುಕೊಳ್ಳಲಾರದು. ಎಲ್ಲವೂ ಹೊರಗಿನಿಂದ, ರ‍್ಯಾಮ್‌ನಿಂದ ಬರಬೇಕು. ನಮ್ಮ ‘ಕ’ ಕೂಡ ಈಗ ಇರುವುದು ಅಲ್ಲಿಯೇ.

ರ‍್ಯಾಮ್ ಒಳಗೆ ಒಂದು ಬಿಟ್‌ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಬೇಕು. ಅಮೆರಿಕದ ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇವತ್ತಿಗೂ ಅದರ ತಳಹದಿ. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್, ಅಷ್ಟೆ. ಕೆಪಾಸಿಟರ್ ಎಂದರೆ ವಿದ್ಯುದಾವೇಶವನ್ನು ಕೂಡಿಟ್ಟುಕೊಳ್ಳುವ ಪುಟ್ಟ ಜಾಗ. ಅದು ತುಂಬಿದ್ದರೆ 1, ಖಾಲಿ ಇದ್ದರೆ 0. ಟ್ರಾನ್ಸಿಸ್ಟರ್ ಅದರ ಬಾಗಿಲು. 8 ಜಿಬಿ ರ‍್ಯಾಮ್‌ನಲ್ಲಿ ಇಂಥ ಜೋಡಿಗಳು ಸುಮಾರು 6,900 ಕೋಟಿ. ಅವುಗಳಲ್ಲಿ ಕೆಲವೇ ಕೆಲವು ನಮ್ಮ ‘ಕ’ವನ್ನು ಹಿಡಿದಿಟ್ಟಿವೆ. ಕಷ್ಟವೇನೆಂದರೆ ಈ ಆವೇಶ ನಿಲ್ಲುವುದಿಲ್ಲ, ಸೋರಿಹೋಗುತ್ತದೆ. ಹಾಗಾಗಿ ಹೆಚ್ಚೆಂದರೆ 64 ಮಿಲಿಸೆಕೆಂಡಿಗೊಮ್ಮೆ ಪ್ರತಿ ಬಿಟ್ಟನ್ನೂ ಓದಿ, 1 ಇದ್ದಲ್ಲಿ ಮತ್ತೆ ತುಂಬಲೇಬೇಕು. ನೀವು ಟೈಪು ಮಾಡುವುದನ್ನು ನಿಲ್ಲಿಸಿ ಚಹಾ ಕುಡಿಯಲು ಎದ್ದು ಹೋದರೂ ಆ ಕೆಲಸ ಸೆಕೆಂಡಿಗೆ 15 ಬಾರಿ ನಡೆಯುತ್ತಲೇ ಇರುತ್ತದೆ. ಕರೆಂಟು ಹೋಯಿತೋ, ತುಂಬುವವರಿಲ್ಲ, ಅಕ್ಷರವೂ ಇಲ್ಲ.

ಹೋಗುವುದು ಒಮ್ಮೆಗೇ ಅಲ್ಲ ಎಂಬುದೂ ಒಂದು ವಿಶೇಷ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು, ಕರೆಂಟು ತೆಗೆದ ಮೇಲೂ ಕೆಲವು ಸೆಕೆಂಡುಗಳ ಕಾಲ ರ‍್ಯಾಮ್‌ನಲ್ಲಿ ಮಾಹಿತಿ ಉಳಿದಿರುತ್ತದೆ, ಚಿಪ್ಪುಗಳನ್ನು ಚೆನ್ನಾಗಿ ತಣ್ಣಗಾಗಿಸಿದರೆ ನಿಮಿಷಗಟ್ಟಲೆ ಉಳಿಯುತ್ತದೆ ಎಂದು ತೋರಿಸಿದರು. ಮಾಹಿತಿಯನ್ನು ರಹಸ್ಯವಾಗಿಡುವ ಗೂಢಲಿಪಿ ಕೀಲಿಗಳನ್ನು ಕದಿಯಲು ಈ ದಾರಿ ಸಾಕು ಎಂಬುದು ಅವರ ಎಚ್ಚರಿಕೆಯಾಗಿತ್ತು. ನಮ್ಮ ನಿಮ್ಮಂಥವರು ಬರೆದ ಲೇಖನ ಕರೆಂಟು ಹೋದಾಗ ಮರಳಿ ಸಿಗಲು ಅದು ಸಾಲದು.

ಸೋರುವ ಕೆಪಾಸಿಟರನ್ನು ಬಿಟ್ಟು ಬೇರೆ ಏನನ್ನಾದರೂ ಬಳಸಬಹುದಲ್ಲ? ಬಳಸುತ್ತಾರೆ. ಒಂದು ಬಿಟ್‌ಗೆ ಆರು ಟ್ರಾನ್ಸಿಸ್ಟರ್ ಜೋಡಿಸಿದರೆ, ಕರೆಂಟು ಇರುವಷ್ಟು ಹೊತ್ತು ಮತ್ತೆ ಮತ್ತೆ ತುಂಬುವ ಕೆಲಸವಿಲ್ಲದೆ ಬಿಟ್‌ ನಿಲ್ಲುತ್ತದೆ. ಓದುವುದೂ ಬಹಳ ಬೇಗ. ಪ್ರೊಸೆಸರಿನ ಚಿಪ್ಪಿನೊಳಗೇ ಇರುವ ಕ್ಯಾಶ್ ಇಂಥದ್ದು. ಹಾಗಿದ್ದರೆ ರ‍್ಯಾಮ್ ಪೂರ್ತಿ ಹೀಗೇಕೆ ಮಾಡಬಾರದು ಎಂಬ ಪ್ರಶ್ನೆಗೆ ಗುಣಾಕಾರವೇ ಉತ್ತರ ಕೊಡುತ್ತದೆ. 8 ಜಿಬಿಗೆ 41,000 ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರ್ ಬೇಕು. 2020ರಲ್ಲಿ ಬಂದ ಆ್ಯಪಲ್‌ನ ಎಂ1 ಚಿಪ್ಪಿನಲ್ಲಿ ಎಲ್ಲ ಕೆಲಸಕ್ಕೂ ಸೇರಿ ಇದ್ದದ್ದು 1,600 ಕೋಟಿ. ಅಂಥ ಇಪ್ಪತ್ತಾರು ಚಿಪ್ಪುಗಳನ್ನು ಬರೀ ನೆನಪಿಗೆಂದು ಜೋಡಿಸಿದರೆ ಯಾರ ಕೈಗೆಟುಕುವ ಬೆಲೆಗೂ ಕಂಪ್ಯೂಟರ್ ಸಿಗದು. ದುಡ್ಡು ಇದ್ದರೂ ದೂರದ ಸಮಸ್ಯೆ ತಪ್ಪುವುದಿಲ್ಲ. ನೆನಪು ದೊಡ್ಡದಾದಷ್ಟೂ ಪ್ರೊಸೆಸರಿನಿಂದ ದೂರ ಹರಡಿಕೊಳ್ಳುತ್ತದೆ, ಒಂದು ಮಿಡಿತಕ್ಕೆ ಬೆಳಕು ಹೋಗುವುದೇ 10 ಸೆಂಟಿಮೀಟರ್. ಅದಕ್ಕೇ ಕ್ಯಾಶ್ ಚಿಕ್ಕದು: ಪ್ರೊಸೆಸರಿನ ಮಗ್ಗುಲಲ್ಲೇ ಇರುವ ಪದರದಲ್ಲಿ ಹಲವು ಹತ್ತು ಕೆಬಿ, ಸ್ವಲ್ಪ ಆಚೆಯ ಪದರಗಳಲ್ಲಿ ಕೆಲವು ಎಂಬಿ.

ಹಿಂದಿನ ಕತೆಯನ್ನೂ ಇಲ್ಲಿ ನೆನೆಯಬೇಕು. 1971ರಲ್ಲಿ ಇಂಟೆಲ್ ಹೊರತಂದ 4004 ಎಂಬ ಮೈಕ್ರೊಪ್ರೊಸೆಸರಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಜಪಾನಿನ ಬಿಸಿಕಾಮ್ ಕಂಪನಿಯ ಕ್ಯಾಲ್‌ಕ್ಯುಲೇಟರಿಗೆಂದು ಮಾಡಿದ ಚಿಪ್ಪು ಅದು. ಅದರ ಗಡಿಯಾರದ ವೇಗ ಸೆಕೆಂಡಿಗೆ 7,40,000 ಮಿಡಿತ. ಅಲ್ಲಿಂದ ಇಲ್ಲಿಗೆ ಆ ವೇಗ ನಾಲ್ಕು ಸಾವಿರ ಪಟ್ಟು ಏರಿದೆ. ಅದೇ ಕಾಲದ, 1970ರ, ಇಂಟೆಲ್ 1103 ಎಂಬ ನೆನಪಿನ ಚಿಪ್ಪು ಕೇಳಿದ ಬಿಟ್ಟನ್ನು ತಂದುಕೊಡಲು ಸುಮಾರು 300 ನ್ಯಾನೊಸೆಕೆಂಡು ತೆಗೆದುಕೊಳ್ಳುತ್ತಿತ್ತು. ಇಂದಿನ ರ‍್ಯಾಮ್‌ನಿಂದ ಪ್ರೊಸೆಸರಿಗೆ ಮಾಹಿತಿ ಬರಲು 100 ನ್ಯಾನೊಸೆಕೆಂಡಿನ ಆಸುಪಾಸು ಬೇಕು. ಒಂದು ಚಿಪ್ಪಿನಲ್ಲಿ ಹಿಡಿಸುವ ಬಿಟ್‌ಗಳು ಸಾವಿರದಿಂದ ನೂರಾರು ಕೋಟಿಗೆ ಏರಿದವು. ತರುವ ವೇಗ ಮಾತ್ರ ಅಲ್ಪಸ್ವಲ್ಪ ಏರಿತು. ಆಧುನಿಕ ಕಂಪ್ಯೂಟರಿನ ವಿನ್ಯಾಸವನ್ನು ಅರ್ಥ ಮಾಡಿಕೊಳ್ಳಲು ಈ ಅಂತರವನ್ನು ಅರಿತರೆ ಅರ್ಧ ದಾರಿ ಕ್ರಮಿಸಿದಂತೆ ಎಂದು ನಾನು ನಂಬಿದ್ದೇನೆ. ಬೇಗ ಕೊಡುವುದು ಮರೆಯುತ್ತದೆ, ಮರೆಯದೆ ಇಡುವುದು ನಿಧಾನ. ಎರಡನ್ನೂ ಒಂದೇ ವಸ್ತುವಿನಲ್ಲಿ ಅಗ್ಗವಾಗಿ ಕೊಡಬಲ್ಲ ಉಪಕರಣ ನಮ್ಮ ಮೇಜಿನ ಮೇಲೆ ಇನ್ನೂ ಬಂದಿಲ್ಲ.

ಎಷ್ಟು ನಿಧಾನ ಎಂಬುದನ್ನು ನ್ಯಾನೊಸೆಕೆಂಡಿನ ಭಾಷೆಯಲ್ಲಿ ಹೇಳಿದರೆ ಮನಸ್ಸಿಗೆ ನಾಟುವುದಿಲ್ಲ. ಪ್ರೊಸೆಸರಿನ ಒಂದು ಮಿಡಿತವನ್ನು ಒಂದು ಸೆಕೆಂಡು ಎಂದು ಹಿಗ್ಗಿಸಿಕೊಳ್ಳೋಣ. ಆಗ ಕ್ಯಾಶ್‌ನ ಹತ್ತಿರದ ಪದರದಿಂದ ‘ಕ’ ತರಲು ನಾಲ್ಕೈದು ಸೆಕೆಂಡು, ಅಂದರೆ ಮೇಜಿನ ಮೇಲಿದ್ದ ಪುಸ್ತಕವನ್ನು ಕೈಚಾಚಿ ತೆಗೆದುಕೊಂಡಷ್ಟು. ರ‍್ಯಾಮ್‌ನಿಂದ ತರಲು ಐದು ನಿಮಿಷ, ಪಕ್ಕದ ಮನೆಗೆ ಹೋಗಿ ಕೇಳಿ ತಂದಷ್ಟು. ಎಸ್‌ಎಸ್‌ಡಿಯಿಂದಾದರೆ ಮೂರೂವರೆ ದಿನ, ಬೇರೆ ಊರಿನಿಂದ ಅಂಚೆಯಲ್ಲಿ ತರಿಸಿಕೊಂಡಷ್ಟು. ತಿರುಗುವ ಹಾರ್ಡ್‌ಡಿಸ್ಕಿನಿಂದಾದರೆ ಒಂದು ವರ್ಷಕ್ಕೂ ಮೇಲೆ. ಹಳೆಯ ಕಂಪ್ಯೂಟರು ‘ಹ್ಯಾಂಗ್’ ಆಯಿತು ಎಂದು ನಾವು ಬೈಯುವಾಗ ಬಹಳಷ್ಟು ಸಲ ಪ್ರೊಸೆಸರ್ ಕೈಕಟ್ಟಿ ಕೂತು ಆ ಒಂದು ವರ್ಷದ ಕಾಯುವಿಕೆಯಲ್ಲಿರುತ್ತದೆ.

ಹಾರ್ಡ್‌ಡಿಸ್ಕಿಗೆ ಅಷ್ಟು ಹೊತ್ತೇಕೆ? ಅದರೊಳಗೆ ನಿಜವಾಗಿಯೂ ಚಲಿಸುವ ಭಾಗಗಳಿವೆ. ನುಣುಪಾದ ತಟ್ಟೆಗಳು ಮೇಜಿನ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಓದುವ ತಲೆ ತೇಲುತ್ತಿರುತ್ತದೆ. ಬಿಟ್‌ಗಳು ತಟ್ಟೆಯ ಮೇಲಿನ ಕಾಂತೀಯ ಗುರುತುಗಳು. ಕರೆಂಟು ಹೋದರೂ ಅಳಿಯುವುದಿಲ್ಲ. ಬೇಕಾದ ಗುರುತು ಸಿಗಬೇಕಾದರೆ ತಲೆ ಸರಿಯಾದ ವೃತ್ತಕ್ಕೆ ಸರಿಯಬೇಕು, ಆಮೇಲೆ ತಟ್ಟೆ ತಿರುಗಿ ಆ ಜಾಗ ತಲೆಯ ಕೆಳಗೆ ಬರುವವರೆಗೆ ಕಾಯಬೇಕು. ಒಂದು ಸುತ್ತಿಗೆ 8.3 ಮಿಲಿಸೆಕೆಂಡು, ಸರಾಸರಿ ಅರ್ಧ ಸುತ್ತು ಕಾಯುವುದು ತಪ್ಪಿದ್ದಲ್ಲ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು, ತೂಕ ಒಂದು ಟನ್ನಿನಷ್ಟು. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಹಾರ್ಡ್‌ಡಿಸ್ಕ್ ಅಂಗೈ ಮೇಲೆ ಕೂರುತ್ತದೆ. ಆದರೆ ಸರಿಯುವ ತಲೆ, ತಿರುಗುವ ತಟ್ಟೆ ಎಂಬ ಮೂಲ ತತ್ತ್ವ ಹಾಗೇ ಇದೆ.

ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ಜಪಾನಿನ ತೋಷಿಬಾದಲ್ಲಿ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ರೂಪಿಸಿದ ಫ್ಲಾಶ್ ನೆನಪು ಇದರ ಒಳಗಿದೆ. ಪೆನ್‌ಡ್ರೈವ್, ಮೊಬೈಲು, ಮೆಮೊರಿ ಕಾರ್ಡಿನಲ್ಲಿರುವುದೂ ಅದೇ. ಇಲ್ಲಿ ಎಲೆಕ್ಟ್ರಾನ್‌ಗಳನ್ನು ಸುತ್ತಲೂ ವಿದ್ಯುನ್ನಿರೋಧಕವಿರುವ ಜಾಗದೊಳಗೆ ಒತ್ತಿ ಕೂಡುತ್ತಾರೆ. ಕರೆಂಟು ಇಲ್ಲದಿದ್ದರೂ ಅವು ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ. ಒತ್ತಿ ಕೂಡುವ, ಎಳೆದು ತೆಗೆಯುವ ಪ್ರತಿ ಸಲವೂ ಆ ನಿರೋಧಕ ಪದರ ಒಂದಿಷ್ಟು ಸವೆಯುತ್ತದೆ, ಹೀಗಾಗಿ ಬರೆದು ಅಳಿಸುವುದಕ್ಕೆ ಮಿತಿ ಇದೆ. ಮನೆಬಳಕೆಯಲ್ಲಿ ಆ ಮಿತಿಗೆ ಹೆದರಬೇಕಿಲ್ಲ.

ಹಳೆಯ ಯಂತ್ರ ನಿಧಾನವಾಯಿತೆಂದು ಹೊಸದು ಕೊಳ್ಳಲು ಹೊರಟವರಿಗೆ ನಾನು ಹೇಳುವುದು ಒಂದೇ: ಮೊದಲು ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ ನೋಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ನಿಮ್ಮೂರಿನ ರಿಪೇರಿ ಅಂಗಡಿಯಲ್ಲಾಗಲಿ ಇದು ದೊಡ್ಡ ಕೆಲಸವಲ್ಲ. ರ‍್ಯಾಮ್ 4 ಜಿಬಿಗಿಂತ ಕಡಿಮೆ ಇದ್ದರೆ ಅದನ್ನೂ ಹೆಚ್ಚಿಸಿ. ರ‍್ಯಾಮ್ ಸಾಲದಾದಾಗ ಯಂತ್ರ ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸತೊಡಗುತ್ತದೆ, ಆಗ ಐದು ನಿಮಿಷದ ಕೆಲಸ ದಿನಗಳಿಗೆ, ವರ್ಷಕ್ಕೆ ಹೋಗುತ್ತದೆ. ಅಂಗಡಿಯವರು ಪ್ರೊಸೆಸರಿನ ಹೆಸರನ್ನೂ ಗಿಗಾಹರ್ಟ್ಸನ್ನೂ ಮುಂದೆ ಮಾಡುತ್ತಾರೆ. ಪತ್ರ, ಲೆಕ್ಕ, ಓದು ಇಷ್ಟೇ ಕೆಲಸವಿರುವವರಿಗೆ ಅದು ಮೂರನೆಯ ಮಾತು. ಫೋನು ಕೊಳ್ಳುವಾಗ ‘8 ಜಿಬಿ + 128 ಜಿಬಿ’ ಎಂದು ಬರೆದಿದ್ದರೆ ಮೊದಲಿನದು ರ‍್ಯಾಮ್, ಎರಡನೆಯದು ಫ್ಲಾಶ್ ಸಂಗ್ರಹ. ಫೋಟೊ ವಿಡಿಯೊ ತುಂಬಿ ‘ಮೆಮೊರಿ ಫುಲ್’ ಎಂದು ಬರುವುದು ಎರಡನೆಯದರ ಬಗ್ಗೆ. 1 ಟಿಬಿ ಡಿಸ್ಕ್ ಕೊಂಡವರಿಗೆ ವಿಂಡೋಸ್ 931 ಜಿಬಿ ಎಂದು ತೋರಿಸಿದರೆ ಮೋಸವಾಯಿತೆಂದು ತಿಳಿಯಬೇಡಿ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1,024ರ ಲೆಕ್ಕ ಹಿಡಿಯುತ್ತದೆ.

ನಮ್ಮ ‘ಕ’ ಇನ್ನೂ ರ‍್ಯಾಮ್‌ನಲ್ಲೇ ಇದೆ. ಅದು ತೆರೆಯ ಮೇಲೆ ಕಾಣಿಸಬೇಕಾದರೆ ಫಾಂಟಿನಲ್ಲಿರುವ ಆಕಾರವನ್ನು ಚುಕ್ಕೆಗಳಾಗಿ, ಅಂದರೆ ಪಿಕ್ಸೆಲ್‌ಗಳಾಗಿ, ಒಡೆಯಬೇಕು. 1,920 ಅಡ್ಡ, 1,080 ಉದ್ದ ಎಂದಿರುವ ತೆರೆಯಲ್ಲಿ ಅಂಥ 20,73,600 ಪಿಕ್ಸೆಲ್‌ಗಳು. ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಭಾಗ. ಸಾಮಾನ್ಯ ಮಾನಿಟರಿಗೆ ಈ ಇಡೀ ಚಿತ್ರವನ್ನು ಸೆಕೆಂಡಿಗೆ 60 ಬಾರಿ ಕಳಿಸುತ್ತಾರೆ. ತೆರೆಯ ಮೇಲೆ ಕಂಡಿತೆಂದ ಮಾತ್ರಕ್ಕೆ ಬರೆದದ್ದು ಉಳಿಯಿತು ಎಂದಲ್ಲ.

ಉಳಿಯುವುದು ‘ಸೇವ್’ ಮಾಡಿದಾಗ. ಅಲ್ಲಿಯೂ ಒಂದು ಒಳಸುಳಿ ಇದೆ. ಡಿಸ್ಕ್ ನಿಧಾನವೆಂದು ಕಾರ್ಯಾಚರಣೆ ವ್ಯವಸ್ಥೆ ಕೆಲವೊಮ್ಮೆ ಬರೆಯಬೇಕಾದುದನ್ನು ರ‍್ಯಾಮ್‌ನಲ್ಲೇ ಗುಡ್ಡೆ ಹಾಕಿಕೊಂಡು, ನಮಗೆ ‘ಆಯಿತು’ ಎಂದು ಹೇಳಿ, ಆಮೇಲೆ ಬಿಡುವಾದಾಗ ಡಿಸ್ಕಿಗೆ ಬರೆಯುತ್ತದೆ. ಪೆನ್‌ಡ್ರೈವನ್ನು ಥಟ್ಟನೆ ಕೀಳದೆ ‘ಇಜೆಕ್ಟ್’ ಕೊಟ್ಟು ತೆಗೆಯಬೇಕೆನ್ನುವುದು ಇದಕ್ಕೇ. ‘ಬಾಕಿ ಇದ್ದದ್ದನ್ನೆಲ್ಲ ಈಗಲೇ ಬರೆದು ಮುಗಿಸು’ ಎಂಬ ಆದೇಶ ಅದು. ಮೇಲಿಂದ ಮೇಲೆ ಕರೆಂಟು ಹೋಗುವ ಊರಿನಲ್ಲಿ ಮೇಜಿನ ಕಂಪ್ಯೂಟರಿಗೆ ಯುಪಿಎಸ್ ಇರಲೇಬೇಕು ಎನ್ನುವುದೂ ಇದಕ್ಕೇ. ಹತ್ತು ನಿಮಿಷ ನಿಲ್ಲುವ ಯುಪಿಎಸ್ ಸಾಕು: ಬರೆದದ್ದನ್ನು ಉಳಿಸಿ, ಯಂತ್ರವನ್ನು ಕ್ರಮವಾಗಿ ಮುಚ್ಚಲು ಅಷ್ಟು ಹೊತ್ತು ಧಾರಾಳ.

ಉಳಿಸಿದ್ದನ್ನು ಅಳಿಸುವಾಗ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಕಡತವನ್ನು ಡಿಲೀಟ್ ಮಾಡಿ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರೆ ಹಾರ್ಡ್‌ಡಿಸ್ಕಿನ ಕಾಂತೀಯ ಗುರುತುಗಳು ಅಳಿಯುವುದಿಲ್ಲ. ‘ಈ ಜಾಗ ಖಾಲಿ, ಬೇಕಾದರೆ ಬಳಸಿಕೊಳ್ಳಬಹುದು’ ಎಂಬ ಟಿಪ್ಪಣಿಯಷ್ಟೇ ಬೀಳುತ್ತದೆ. ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೂ ನಮ್ಮ ಮೂರು ಬೈಟ್‌ಗಳು ಅಲ್ಲೇ ಇರುತ್ತವೆ. ಸೂಕ್ತ ತಂತ್ರಾಂಶವಿದ್ದರೆ ಓದಲೂಬಹುದು. ತಪ್ಪಿ ಅಳಿಸಿದವರಿಗೆ ಇದು ವರ, ಆದರೆ ಅಂಥವರು ಕೂಡಲೇ ಆ ಡಿಸ್ಕಿಗೆ ಏನನ್ನೂ ಬರೆಯುವುದನ್ನು ನಿಲ್ಲಿಸಬೇಕು. ಹಳೆಯ ಕಂಪ್ಯೂಟರನ್ನು ಮಾರುವವರಿಗೆ ಇದೇ ಅಪಾಯ: ಬ್ಯಾಂಕಿನ ಕಾಗದ, ಆಧಾರ್ ಪ್ರತಿ, ಮಕ್ಕಳ ಫೋಟೊ ಎಲ್ಲ ಕೊಂಡವರ ಕೈಗೆ ಹೋಗುತ್ತವೆ. ಹಾರ್ಡ್‌ಡಿಸ್ಕ್ ಆದರೆ ಅದರ ಉದ್ದಗಲಕ್ಕೂ ಹೊಸದಾಗಿ ಬರೆದು ಒರೆಸುವ ತಂತ್ರಾಂಶ ಬಳಸಿ. ಎಸ್‌ಎಸ್‌ಡಿ ಆದರೆ ತಯಾರಕರೇ ಕೊಡುವ ಅಳಿಸುವ ಸೌಲಭ್ಯ ಬಳಸಿ. ಎರಡೂ ಗೊತ್ತಾಗದಿದ್ದರೆ ಡಿಸ್ಕನ್ನು ಬಿಚ್ಚಿ ಮನೆಯಲ್ಲಿಟ್ಟುಕೊಂಡು, ಉಳಿದ ಯಂತ್ರವನ್ನಷ್ಟೇ ಮಾರಿ.